ಕೊರೊನಾ ಹೋದರೂ ಹಾಲಿನ ಪ್ಯಾಕೆಟ್ ತೊಳೆಯುವುದು ನಿಂತಿಲ್ಲ

ಪ್ರಶ್ನೆ: ಕೊರೊನಾ ಕಾಲದಲ್ಲಿ ನಮ್ಮ ತಾಯಿಯವರು ಹಾಲಿನ ಪ್ಯಾಕೆಟ್, ತರಕಾರಿ, ಚಿಲ್ಲರೆ ಕಾಸು ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆಯಲು ಆರಂಭಿಸಿದರು. ಅದು ಇಂದಿಗೂ ನಿಂತಿಲ್ಲ. ಕೈಗಳು ಬಿರುಕು ಬಿಟ್ಟಿವೆ. ಬೇಡವೆಂದರೆ, ‘ಆಗ ಟಿವಿಯಲ್ಲಿ ಡಾಕ್ಟರುಗಳೇ ಹೇಳಿದ್ದಲ್ಲವೇ?’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಾಯಿಯವರ ಮಾತಿನಲ್ಲಿ ಹುರುಳಿದೆ, ಮೊದಲು ಅದನ್ನು ಒಪ್ಪಿಕೊಳ್ಳಿ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಿಂದ ವರದಿಯಾದ ದಿನಗಳಲ್ಲೇ, ಈ ವೈರಾಣು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಗಳವರೆಗೂ ಉಳಿಯಬಲ್ಲದು ಎಂಬ ಪ್ರಯೋಗದ ಫಲಿತಾಂಶವೂ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ವೈರಾಣುವನ್ನು ಬೇಕೆಂದೇ ಹಾಕಿ ಅಳೆದ ಲೆಕ್ಕಕ್ಕೂ ಬೆಳಗ್ಗೆ ಬಾಗಿಲಿಗೆ ಬರುವ ಹಾಲಿನ ಪ್ಯಾಕೆಟ್ಟಿಗೂ ಇರುವ ಅಂತರವನ್ನು ಜನರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಮುಖ್ಯವಾದ ಅಪಾಯ ಇದ್ದದ್ದು ಗಾಳಿಯಾಡದ ಕೋಣೆಯಲ್ಲಿ, ಸೋಂಕಿತರ ಉಸಿರಿನಲ್ಲಿ. ವಸ್ತುವನ್ನು ಮುಟ್ಟಿ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತಿಳಿಸುವ ಹೊತ್ತಿಗೆ 2021ರ ಏಪ್ರಿಲ್ ಬಂದಿತ್ತು. ಎರಡನೆಯ ಅಲೆಯಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪರದಾಡುತ್ತಿದ್ದ ನಮ್ಮ ಮನೆಗಳಿಗೆ ಆ ತಿದ್ದುಪಡಿ ಮುಟ್ಟುವುದಾದರೂ ಹೇಗೆ? ಭಯ ಹುಟ್ಟಿಸಿದ ಸುದ್ದಿ ಮನೆಮನೆಗೂ ತಲುಪಿತು, ಭಯ ಇಳಿಸಬೇಕಾದ ಸುದ್ದಿ ತಲುಪಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಗಾಳಿ ಕಣ್ಣಿಗೆ ಕಾಣದು, ಪ್ಯಾಕೆಟ್ ಕಾಣುತ್ತದೆ. ತೊಳೆದಾಗ ಸಿಗುವ ಸಮಾಧಾನ ಸ್ವಲ್ಪ ಹೊತ್ತಿನದಾದ್ದರಿಂದ ಮನಸ್ಸು ಮತ್ತೆ ಅದನ್ನೇ ಬೇಡುತ್ತದೆ. ಹಾಗಾಗಿ ವಾದಿಸಿಯೋ ಗದರಿಸಿಯೋ ಇದನ್ನು ಬಿಡಿಸಲಾಗದು. ಅವರ ಒಪ್ಪಿಗೆ ಪಡೆದು, ಮೊದಲು ಹಾಲಿನ ಪ್ಯಾಕೆಟ್ ಒಂದನ್ನು ಮಾತ್ರ ಸೋಪಿಲ್ಲದೆ ಬರಿಯ ನೀರಿನಲ್ಲಿ ತೊಳೆಯಲಿ. ಕಳವಳವಾದರೂ ಅದು ತಾನಾಗಿಯೇ ಇಳಿಯುವವರೆಗೆ ನೀವು ಜೊತೆಯಲ್ಲಿರಿ. ಅದು ರೂಢಿಯಾದ ಮೇಲೆ ಮುಂದಿನದು. ತರಕಾರಿಗೆ ಸೋಪು ಸಲ್ಲದು, ಹರಿಯುವ ನೀರು ಸಾಕು. ಊಟಕ್ಕೆ ಮುಂಚೆ, ಶೌಚದ ನಂತರ ಕೈ ತೊಳೆಯುವ ಅಭ್ಯಾಸವನ್ನಂತೂ ಬಿಡಿಸಬೇಡಿ.

ತೊಳೆಯುವುದಕ್ಕೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೋಗುತ್ತಿದ್ದರೆ, ಅಥವಾ ಅದೇ ಭಯದಿಂದ ಅವರು ನೆಂಟರಿಷ್ಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದರೆ, ಮನೋವೈದ್ಯರನ್ನು ಕಾಣಲೇಬೇಕು. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬಿರುಕಿಗೆ ರಾತ್ರಿ ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ಹಚ್ಚಲಿ; ರಕ್ತ ಒಸರುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಿ.