ಸೌದೆ ಸಾಗಿಸೋಕೆ ಯಾವ ಗಾಡಿ ಸರಿ?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೌದೆಯದ್ದೇ. ಕಡಿಯೋದು, ಸೀಳೋದು ಹೇಗೋ ಆಗುತ್ತೆ, ಅದನ್ನು ಅಲ್ಲಿಂದ ಇಲ್ಲಿಗೆ ತರೋದೇ ತಲೆನೋವು ಅಂತ ಎಲ್ಲರ ಗೋಳು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮರ ಕಡಿದ ಜಾಗದಿಂದ ಮನೆ ಹಿಂದಿನ ಸೌದೆ ಕೊಟ್ಟಿಗೆಗೆ ಸುಮಾರು 200 ಮೀಟರ್. ಬರೀ ಕಾಲುದಾರಿ, ಒಂದು ಕಡೆಗೆ ಓರೆ, ಮಳೆ ಬಂದರೆ ಕೆಸರು. ಒಂಟಿ ಚಕ್ರದ ತಳ್ಳುಗಾಡಿ ಸಾಕಾ, ಎರಡು ಚಕ್ರದ್ದು ಬೇಕಾ?

ಉತ್ತರ: ನಿಮ್ಮ ದಾರಿಗೆ ಒಂಟಿ ಚಕ್ರವೇ ಸರಿ. ಎರಡು ಚಕ್ರದ ಗಾಡಿ ಸಮ ನೆಲದಲ್ಲಿ ಆರಾಮ, ಬ್ಯಾಲೆನ್ಸ್ ಮಾಡೋ ಗೋಜಿಲ್ಲ, ಭಾರವೆಲ್ಲ ಅಚ್ಚಿನ ಮೇಲೆ ಕೂರುತ್ತದೆ, ನೀವು ಎಳೆದರೆ ಸಾಕು. ಆದರೆ ಓರೆ ದಾರಿಯಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಗಾಡಿ ವಾಲುತ್ತದೆ, ಎತ್ತರಕ್ಕೆ ಒಟ್ಟಿದ ಸೌದೆ ಒಂದೇ ಕಡೆ ಜಾರುತ್ತದೆ. ಒಂಟಿ ಚಕ್ರದ್ದಾದರೆ ಓರೆ ಎಷ್ಟೇ ಇರಲಿ, ಹಿಡಿಕೆಯನ್ನು ನೀವೇ ಮಟ್ಟ ಮಾಡಿಕೊಂಡು ಹೋಗಬಹುದು. ಒಂದೇ ಗೆರೆಯಷ್ಟು ಗಟ್ಟಿ ಜಾಗ ಸಿಕ್ಕರೂ ಅದಕ್ಕೆ ಸಾಕು. ಕೆಸರಿನ ಜಾಗಕ್ಕೆ ಎರಡು ಹಲಗೆ ಉದ್ದಕ್ಕೆ ಹಾಸಿಬಿಡಿ, ಹೊಸ ಗಾಡಿಗಿಂತ ಅದೇ ಹೆಚ್ಚು ಉಪಕಾರ.

ಈಗ ಲೋಡ್ ಮಾಡೋ ವಿಷಯ. ಇದನ್ನು ಜಾಸ್ತಿ ಜನ ಗಮನಿಸೋದಿಲ್ಲ. ಚಕ್ರದ ಅಚ್ಚಿನಿಂದ ನಿಮ್ಮ ಕೈ ಹಿಡಿಯೋ ಜಾಗಕ್ಕೆ 135 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ, ಮೇಲೆ 80 ಕೆಜಿ ಸೌದೆ. ಆ ಭಾರದ ನಡು ಅಚ್ಚಿನಿಂದ 45 ಸೆಂ.ಮೀ. ದೂರದಲ್ಲಿದ್ದರೆ ನಿಮ್ಮ ಎರಡೂ ಕೈ ಸೇರಿ ಎತ್ತೋದು 27 ಕೆಜಿಯಷ್ಟು. ಅದೇ ಸೌದೆಯನ್ನು ಹಿಂದಕ್ಕೆ ಒಟ್ಟಿ ನಡು 60 ಸೆಂ.ಮೀ.ಗೆ ಬಂತು ಅಂದರೆ 35 ಕೆಜಿ ದಾಟುತ್ತದೆ. ಅದೇ ಗಾಡಿ, ಅದೇ ಸೌದೆ! ಅದಕ್ಕೇ ದಪ್ಪ ತುಂಡುಗಳನ್ನು ಚಕ್ರದ ಮೇಲಕ್ಕೆ ಬರುವಂತೆ ಮುಂದೆ ಜೋಡಿಸಿ, ಸಣ್ಣ ಸೀಳುಗಳನ್ನು ಹಿಂದೆ ಹಾಕಿ. ಚೀನಾದ ಹಳೇ ಒಂಟಿ ಚಕ್ರದ ಗಾಡಿಗಳಲ್ಲಿ ಈ ರಗಳೆಯೇ ಇರಲಿಲ್ಲ, ದೊಡ್ಡ ಚಕ್ರ ಗಾಡಿಯ ನಟ್ಟನಡುವೆ ಇರುತ್ತಿತ್ತು, ಭಾರ ಪೂರ್ತಿ ಅದರ ಮೇಲೆ. ಈಗ ಅಂಗಡಿಯಲ್ಲಿ ಸಿಗೋದು ಬಹುಪಾಲು ಮಣ್ಣು, ಜಲ್ಲಿ, ಕಾಂಕ್ರೀಟ್ ಸಾಗಿಸೋ ಬಾಂಡಲಿ ಥರದ್ದು. ಸೌದೆಗೆ ಅದು ಅಷ್ಟು ಹೊಂದೋದಿಲ್ಲ, ನಾಲ್ಕು ತುಂಡು ಹಾಕುವಷ್ಟರಲ್ಲಿ ಅಡ್ಡಾದಿಡ್ಡಿಯಾಗಿ ತುಂಬಿಹೋಗುತ್ತದೆ. ಚಪ್ಪಟೆ ತಳ, ಮುಂದೆ ಎತ್ತರದ ಕಂಬಿ ಇರುವಂಥದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಸಿಗದಿದ್ದರೆ ಇದ್ದ ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಕಂಬಿ ಬೆಸುಗೆ ಹಾಕಿಸಿ.

ಚಕ್ರ ದೊಡ್ಡದಿದ್ದಷ್ಟೂ ಒಳ್ಳೆಯದು. ಸಣ್ಣ ಚಕ್ರ ಪ್ರತಿ ಬೇರಿಗೂ ಗುದ್ದಿ ನಿಲ್ಲುತ್ತದೆ. ಗಟ್ಟಿ ನೆಲದಲ್ಲಿ 100 ಕೆಜಿ ಉರುಳಿಸಲು ಎರಡು ಮೂರು ಕೆಜಿ ಬಲ ಸಾಕು. ಮೆತ್ತನೆ ಕೆಸರಿನಲ್ಲಿ ಅದೇ 20 ಕೆಜಿ ದಾಟಬಹುದು. ಏರು ಇದ್ದರೆ ಅದರ ಲೆಕ್ಕ ಬೇರೆ: 10 ಮೀಟರ್‌ಗೆ 1 ಮೀಟರ್ ಏರಿದರೆ 100 ಕೆಜಿಗೆ ಇನ್ನೂ 10 ಕೆಜಿ ತಳ್ಳಬೇಕು.

ಪ್ರಶ್ನೆ: ಕಡಿದ ಕೂಡಲೇ ಸಾಗಿಸಬೇಕಾ, ಅಲ್ಲೇ ಒಣಗಿಸಿ ತರಬೇಕಾ? ಮನೆಯಲ್ಲಿ ದಿನಾ ಇದೇ ಜಗಳ.

ಉತ್ತರ: ಅಲ್ಲೇ ಸೀಳಿ, ಅಲ್ಲೇ ಒಟ್ಟಿ, ಒಣಗಿದ ಮೇಲೆ ತನ್ನಿ ಅನ್ನುವವರ ಕಡೆ ನಾನು. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಚೆನ್ನಾಗಿ ಉರಿಯಬೇಕಾದರೆ ಅದು 20 ಶೇಕಡಕ್ಕಿಂತ ಕೆಳಗಿಳಿಯಬೇಕು. ಗಟ್ಟಿ ಜಾತಿಯ ಮರವಾದರೆ ಒಂದು ಘನ ಮೀಟರ್ ಒಟ್ಟಿದ ಹಸಿ ಸೌದೆ ಸುಮಾರು 600ರಿಂದ 700 ಕೆಜಿ ತೂಗುತ್ತದೆ, ಒಣಗಿದ ಮೇಲೆ 400ರಿಂದ 500. ಉಳಿದ ಭಾರ ಗಾಳಿಗೆ ಹೋಯಿತು, ನೀವು ಹೊರಬೇಕಾಗಿಲ್ಲ. ಸುಮ್ನೆ ನೀರನ್ನು ಹೊತ್ತು ತಂದು ಮನೆ ಹತ್ತಿರ ಆರಿಸೋದು ಯಾಕೆ?

ಆದರೆ ಇದಕ್ಕೊಂದು ಷರತ್ತಿದೆ. ಕಡಿದ ಜಾಗದಲ್ಲಿ ಬಿಸಿಲು, ಗಾಳಿ ಆಡಬೇಕು. ದಟ್ಟ ನೆರಳಿನ ತಗ್ಗಿನಲ್ಲಿ ಒಟ್ಟಿದರೆ ಒಣಗೋದಿಲ್ಲ, ಅಣಬೆ ಹಿಡಿಯುತ್ತದೆ. ಅಂಥ ಕಡೆ ಅದೇ ದಾರಿಯಲ್ಲಿ ಸ್ವಲ್ಪ ಮೇಲೆ, ಬಯಲು ಜಾಗದವರೆಗೆ ಮಾತ್ರ ತಂದು ಒಟ್ಟಿ. ತಳಕ್ಕೆ ಎರಡು ಕೊರಡು ಅಡ್ಡ ಕೊಡೋದು ಮರೀಬೇಡಿ. ಮಳೆಗಾಲ ಹತ್ತಿರ ಬಂದು, ದಾರಿ ಕೆಟ್ಟು ಗಾಡಿ ಇಳಿಯೋದೇ ಅನುಮಾನ ಅನ್ನುವಂತಿದ್ದರೆ ಮಾತ್ರ ಹಸಿಯಾದರೂ ಸರಿ, ಮೊದಲು ತಂದುಬಿಡಿ.

ಪ್ರಶ್ನೆ: ನಮ್ಮಲ್ಲಿ ಹುಲ್ಲು ಕತ್ತರಿಸುವ, ಕೂತು ಓಡಿಸುವ ಸಣ್ಣ ಟ್ರ್ಯಾಕ್ಟರ್ ಇದೆ. ಹಿಂದೆ ಒಂದು ಟ್ರೇಲರ್ ಕಟ್ಟಿದರೆ ಸೌದೆ ಎಳೆಯುತ್ತಾ? ಜಾಗ ಇಳಿಜಾರು.

ಉತ್ತರ: ಎಳೆಯೋದೇನೋ ಎಳೆಯುತ್ತದೆ. ನಿಲ್ಲಿಸೋದು ಹೇಗೆ ಅಂತ ಕೇಳಿ. ಈ ಸಣ್ಣ ಟ್ರೇಲರ್‌ಗಳಿಗೆ ಬ್ರೇಕ್ ಇರೋದಿಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನ ಗಾಡಿಯನ್ನು ತಳ್ಳೋಕೆ ಶುರುಮಾಡಿದರೆ, ಒದ್ದೆ ಹುಲ್ಲಿನ ಮೇಲೆ ಹಿಂದಿನ ಚಕ್ರಗಳು ಜಾರುತ್ತವೆ, ಟ್ರೇಲರ್ ಪಕ್ಕಕ್ಕೆ ತಿರುಗಿ ಟ್ರ್ಯಾಕ್ಟರನ್ನೂ ತಿರುಗಿಸಿಬಿಡುತ್ತದೆ. ಇದಕ್ಕೆ ವೇಗವೇ ಬೇಕಿಲ್ಲ, ನಡಿಗೆಯ ವೇಗದಲ್ಲೂ ಆಗುತ್ತದೆ.

ಅದಕ್ಕೇ ಗಾಡಿ ಜೊತೆ ಬಂದ ಪುಸ್ತಕ ತೆಗೆದು ಎಷ್ಟು ಭಾರ ಎಳೆಯಬಹುದು, ಎಷ್ಟು ಇಳಿಜಾರಿನವರೆಗೆ ಅಂತ ಬರೆದಿರುವುದನ್ನು ನೋಡಿ. ಆ ಅಂಕಿಯಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರುತ್ತದೆ, ಅದನ್ನು ಕಳೆದರೆ ಸೌದೆಗೆ ಉಳಿಯೋದು ಎಷ್ಟು ಅಂತ ಗೊತ್ತಾಗುತ್ತದೆ. ಬಹಳ ಜನರಿಗೆ ಅಲ್ಲೇ ನಿರಾಸೆ. ಹುಲ್ಲು ಕತ್ತರಿಸೋ ಗಾಡಿಯ ಗೇರ್‌ಬಾಕ್ಸ್ ಹಗುರ ಕೆಲಸಕ್ಕೆ ಮಾಡಿದ್ದು, ಏರಿನಲ್ಲಿ ಗಂಟೆಗಟ್ಟಲೆ ಭಾರ ಎಳೆದರೆ ಎಣ್ಣೆ ಕಾದು ಬೇಗ ಸವೆಯುತ್ತದೆ. ಸಮ ನೆಲವಾಗಿದ್ದರೆ ನಾನು ಧಾರಾಳವಾಗಿ ಕಟ್ಟಿ ಅನ್ನುತ್ತಿದ್ದೆ. ನಿಮ್ಮದು ಇಳಿಜಾರು, ಹಾಗಾಗಿ ಒಟ್ಟು ಭಾರ ಟ್ರ್ಯಾಕ್ಟರಿನ ತೂಕ ಮೀರದಂತೆ, ಪುಸ್ತಕ ಇನ್ನೂ ಕಡಿಮೆ ಹೇಳಿದ್ದರೆ ಅದರಷ್ಟೇ, ನೆಲ ಒಣಗಿದ್ದಾಗ ಮಾತ್ರ, ನೇರ ಮೇಲೆ ಕೆಳಗೆ ಓಡಿಸಿ. ಅಡ್ಡಡ್ಡ ಬೇಡವೇ ಬೇಡ.

ಟ್ರೇಲರಿನಲ್ಲಿ ಮುಂಭಾರ, ಹಿಂಭಾರ ನೋಡಿಕೊಳ್ಳಬೇಕು. ಎರಡು ಚಕ್ರದ ಟ್ರೇಲರಾದರೆ ಒಟ್ಟು ಭಾರದ ಹತ್ತರಿಂದ ಹದಿನೈದು ಶೇಕಡ ಮುಂದಿನ ಕೊಂಡಿಯ ಮೇಲೆ ಬರುವ ಹಾಗೆ ಒಟ್ಟಿ. ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂಬದಿಯನ್ನೇ ಮೇಲೆತ್ತಿಬಿಡುತ್ತದೆ, ಚಕ್ರಕ್ಕೆ ಹಿಡಿತವೇ ಇರೋದಿಲ್ಲ. ಇಳಿಸುವಾಗಲೂ ಅಷ್ಟೇ, ಮುಂದಿನ ಸೌದೆ ಮೊದಲು ತೆಗೆದು ಹಿಂದಿನದು ಹಾಗೇ ಬಿಟ್ಟರೆ ಟ್ರೇಲರ್ ದಢಕ್ಕನೆ ಹಿಂದಕ್ಕೆ ಬಗ್ಗುತ್ತದೆ. ಕೊಂಡಿ ಕಳಚುವ ಮೊದಲು ಚಕ್ರಕ್ಕೆ ಕಲ್ಲು ಕೊಡಿ.

ಪ್ರಶ್ನೆ: ವಯಸ್ಸು ಅರವತ್ತು ದಾಟಿದೆ, ಸೊಂಟ ನೋವು. ಬ್ಯಾಟರಿ ತಳ್ಳುಗಾಡಿ ತಗೊಳ್ಳಿ ಅಂತ ಮಗಳು, ಯುದ್ಧ ಟ್ಯಾಂಕಿನಂಥ ಪಟ್ಟಿ ಚಕ್ರದ ಎಂಜಿನ್ ಗಾಡಿ ತಗೊಳ್ಳಿ ಅಂತ ಅಳಿಯ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಸೊಂಟದ ಮಾತು ಕೇಳಿ. ಎರಡೂ ಗಾಡಿ ತಳ್ಳೋ ಶ್ರಮ ತಪ್ಪಿಸುತ್ತವೆ, ಆದರೆ ಸೊಂಟ ಹೋಗೋದು ತಳ್ಳುವಾಗ ಕಡಿಮೆ, ಬಗ್ಗಿ ಎತ್ತಿ ತಿರುಗಿ ಹಾಕುವಾಗ ಜಾಸ್ತಿ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತುವ ಭಾರದ ಮಿತಿ 23 ಕೆಜಿ. ನೆಲದಿಂದ ಎತ್ತಿದರೆ, ಮೈ ತಿರುಚಿದರೆ, ಕೈ ದೂರ ಚಾಚಿದರೆ ಅದು ಇಳಿಯುತ್ತಾ ಹೋಗುತ್ತದೆ. ಹಸಿ ಮರದ ಒಂದು ದಪ್ಪ ದುಂಡು ತುಂಡು ಇದನ್ನು ಸಲೀಸಾಗಿ ದಾಟುತ್ತದೆ. ಅದನ್ನು ಎತ್ತಲೇಬೇಡಿ, ಬಿದ್ದಲ್ಲೇ ಸೀಳಿಸಿ ಸಣ್ಣದು ಮಾಡಿ. ಜೊತೆಗೆ ಉದ್ದ ಹಿಡಿಯ ಸೌದೆ ಕೊಕ್ಕೆ ಒಂದು ತಗೊಳ್ಳಿ, ಕೊಡಲಿಯಂಥದ್ದೇ ಹಿಡಿ, ತುದಿಯಲ್ಲಿ ಬಾಗಿದ ಚೂಪು ಮೊನೆ. ತುಂಡಿನ ತುದಿಗೆ ಚುಚ್ಚಿ ಹತ್ತಿರಕ್ಕೆ ಎಳೆದುಕೊಂಡರೆ ಅರ್ಧ ಬಗ್ಗೋದು ತಪ್ಪುತ್ತದೆ. ಒಟ್ಟಿಲಿನ ಸಂದಿಗೆ ಕೈ ಹಾಕೋದೂ ತಪ್ಪುತ್ತದೆ, ಅಲ್ಲಿ ಚೇಳೋ ಹಾವೋ ಇದ್ದರೆ ಮೊದಲು ಗೊತ್ತಾಗೋದು ಕೊಕ್ಕೆಗೆ.

ಗಾಡಿಗೆ ಬಂದರೆ, ದಾರಿ ಸುಮಾರಾಗಿ ಗಟ್ಟಿಯಿದ್ದರೆ ಮಗಳ ಮಾತು ಸರಿ. ಬ್ಯಾಟರಿ ಗಾಡಿ ಹಗುರ, ಸದ್ದಿಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡೋ ಕಷ್ಟವಿಲ್ಲ. ಕೆಸರು, ಕಡಿದಾದ ಏರು ಇದ್ದರೆ ಅಳಿಯನೇ ಗೆದ್ದ. ಪಟ್ಟಿ ಚಕ್ರ ಭಾರವನ್ನು ಅಗಲಕ್ಕೆ ಹಂಚುತ್ತದೆ, ಹೂತುಹೋಗೋದಿಲ್ಲ. ಆದರೆ ನಿಂತಲ್ಲೇ ತಿರುಗಿಸಿದರೆ ಹುಲ್ಲುನೆಲವನ್ನು ಕಿತ್ತು ಹಾಕುತ್ತದೆ, ನಿಧಾನವೂ ಹೌದು. ಯಾವುದೇ ಇರಲಿ, ಅಂಗಡಿಯಲ್ಲಿ ಎರಡು ವಿಷಯ ಪರೀಕ್ಷೆ ಮಾಡಿ: ಹಿಡಿಕೆ ಬಿಟ್ಟ ತಕ್ಷಣ ಗಾಡಿ ತಾನೇ ನಿಲ್ಲಬೇಕು. ಮತ್ತೆ ಸೌದೆ ಹಾಕೋ ತಟ್ಟೆಯ ಅಂಚು ನಿಮ್ಮ ಸೊಂಟಕ್ಕಿಂತ ಮೇಲೆ ಇರಬಾರದು. ಖಾಲಿ ಗಾಡಿಯಲ್ಲಿ ನೋಡಿ ಮರುಳಾಗಬೇಡಿ, ಭಾರ ಹಾಕಿಸಿ ಹಿಂದಕ್ಕೂ ಓಡಿಸಿ ನೋಡಿ.

ಪ್ರಶ್ನೆ: ಮುಂದೆ ಭಾರ ಎತ್ತುವ ತೋಳು, ಅಂದರೆ ಲೋಡರ್, ಇರುವ ಟ್ರ್ಯಾಕ್ಟರ್ ಇದೆ. ಸೌದೆಯನ್ನು ಪಂಜರದಲ್ಲಿ ತುಂಬಿ ಹಾಗೇ ಎತ್ತಿ ಇಡುವುದು ಒಳ್ಳೆಯ ಉಪಾಯವೇ?

ಉತ್ತರ: ಬಹಳ ಒಳ್ಳೆಯ ಉಪಾಯ. ಮಾಮೂಲಿ ಪದ್ಧತಿ ನೋಡಿ: ಸೀಳಿ ನೆಲಕ್ಕೆ ಬೀಳಿಸೋದು, ಎತ್ತಿ ಗಾಡಿಗೆ, ಗಾಡಿಯಿಂದ ಒಟ್ಟಿಲಿಗೆ, ಒಟ್ಟಿಲಿಂದ ಮತ್ತೆ ಗಾಡಿಗೆ, ಅಲ್ಲಿಂದ ಮನೆಗೆ. ಒಂದೇ ತುಂಡು ಎಷ್ಟು ಸಲ ಕೈಗೆ ಬರುತ್ತೆ! ಪಂಜರವಾದರೆ ಸೀಳುವಾಗ ಒಮ್ಮೆ ಒಳಗೆ, ಉರಿಸುವಾಗ ಒಮ್ಮೆ ಹೊರಗೆ. ಒಣಗೋದೂ ಅದರಲ್ಲೇ.

1000 ಲೀಟರಿನ ದ್ರವ ತುಂಬೋ ಪ್ಲಾಸ್ಟಿಕ್ ಟ್ಯಾಂಕಿನ ಸುತ್ತ ಕಬ್ಬಿಣದ ಪಂಜರ ಇರುತ್ತದಲ್ಲ, ಟ್ಯಾಂಕ್ ತೆಗೆದು ಅದನ್ನೇ ಬಳಸಬಹುದು. ತಳ ಸುಮಾರು 1.2 ಮೀಟರಿಗೆ 1 ಮೀಟರ್, ಒಳಗೆ ಸುಮಾರು ಒಂದು ಘನ ಮೀಟರ್ ಹಿಡಿಯುತ್ತದೆ. ಮೊದಲು ಅದರಲ್ಲಿ ಏನು ತುಂಬಿದ್ದರು ಅಂತ ಚೀಟಿ ಓದಿ, ವಿಷದ ರಾಸಾಯನಿಕ ಇದ್ದದ್ದಾದರೆ ಬೇಡ. ಒಂದು ಬದಿಯ ಕಂಬಿ ಅರ್ಧಕ್ಕೆ ಕತ್ತರಿಸಿಕೊಂಡರೆ ತುಂಬೋದು, ತೆಗೆಯೋದು ಸುಲಭ. ಮೇಲ್ಭಾಗ ಮಾತ್ರ ಮುಚ್ಚಿ, ಬದಿಗಳಿಗೆ ಟಾರ್ಪಾಲಿನ್ ಸುತ್ತಬೇಡಿ.

ಎಚ್ಚರ ಇರಬೇಕಾದದ್ದು ಲೋಡರಿನ ಅಂಕಿಯಲ್ಲಿ. ಕಂಪನಿಯವರು ಹೇಳೋ ಎತ್ತುವ ಶಕ್ತಿ ಎಷ್ಟೋ ಸಲ ತೋಳಿನ ತುದಿಯ ಪಿನ್ ಹತ್ತಿರ ಅಳೆದದ್ದು. ಪಂಜರದ ನಡು ಅದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಮುಂದಿರುತ್ತದೆ, ಅಲ್ಲಿ ಶಕ್ತಿ ಕಡಿಮೆ, ಪಂಜರದ ಅಡಿಗೆ ತೂರಿಸುವ ಕಬ್ಬಿಣದ ಫೋರ್ಕಿನ ತೂಕ ಬೇರೆ ಕಳೆಯಬೇಕು. ಹಿಂದುಗಡೆ ಎದುರುಭಾರ ಕಟ್ಟದೆ ಎತ್ತಲೇಬೇಡಿ. ಓಡಿಸುವಾಗ ಪಂಜರ ನೆಲಕ್ಕೆ ಹತ್ತಿರ ಇರಲಿ, ಇಡುವ ಜಾಗಕ್ಕೆ ಬಂದ ಮೇಲೆ ಮಾತ್ರ ಮೇಲಕ್ಕೆ.

ಪ್ರಶ್ನೆ: ಸೀಳೋ ತಂಟೆ ಇಲ್ಲದೆ ಇಡೀ ದಿಮ್ಮಿಗೆ ಸರಪಳಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆದು ತರಬಹುದಾ?

ಉತ್ತರ: ತರಬಹುದು. ಆದರೆ ಸರಪಳಿ ಕಟ್ಟೋದು ಟ್ರ್ಯಾಕ್ಟರಿನ ಹಿಂದೆ ತಗ್ಗಿನಲ್ಲಿರುವ ಎಳೆಯೋ ಪಟ್ಟಿಗೆ, ಅಂದರೆ ಡ್ರಾಬಾರಿಗೆ ಮಾತ್ರ. ಹಿಂದಿನ ಅಚ್ಚಿಗೋ, ಅದಕ್ಕಿಂತ ಎತ್ತರದಲ್ಲಿ ಇನ್ನೆಲ್ಲಿಗೋ ಕಟ್ಟಿದಾಗ ದಿಮ್ಮಿ ಒಂದು ಬುಡಕ್ಕೆ ಸಿಕ್ಕಿಕೊಂಡರೆ, ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತೋಷ್ಟು ಪುರುಸೊತ್ತೂ ಸಿಗೋದಿಲ್ಲ. ರಕ್ಷಣಾ ಚೌಕಟ್ಟು ಇಲ್ಲದ ಟ್ರ್ಯಾಕ್ಟರಿನಲ್ಲಿ ಈ ಕೆಲಸಕ್ಕೇ ಕೈ ಹಾಕಬೇಡಿ, ಇದ್ದರೆ ಬೆಲ್ಟ್ ಕಟ್ಟಿಕೊಂಡೇ ಕೂರಿ.

ದಿಮ್ಮಿಯ ಮುಂದಿನ ತುದಿ ನೆಲದಿಂದ ಸ್ವಲ್ಪ ಮೇಲೆದ್ದಿದ್ದರೆ ಎಳೆಯೋದು ಹಗುರ, ಮಣ್ಣೂ ಮೆತ್ತಿಕೊಳ್ಳೋದಿಲ್ಲ. ಇದಕ್ಕೆಂದೇ ಎರಡು ಚಕ್ರದ ಕಮಾನು ಗಾಡಿ ಸಿಗುತ್ತದೆ, ಕಮಾನಿಗೆ ದಿಮ್ಮಿಯ ತುದಿ ನೇತುಹಾಕಿ ಎಳೆಯೋದು. ಮಣ್ಣು ಮೆತ್ತಿದ ದಿಮ್ಮಿ ಕೊಯ್ದರೆ ಗರಗಸದ ಚೈನ್ ಹಲ್ಲು ಎಷ್ಟು ಬೇಗ ಮೊಂಡಾಗುತ್ತದೆ ಅಂತ ಕೊಯ್ದವರಿಗೇ ಗೊತ್ತು.

ಪ್ರಶ್ನೆ: ತಳ್ಳುಗಾಡಿ ಯಾವಾಗ ನೋಡಿದರೂ ಪಂಕ್ಚರ್. ಗಟ್ಟಿ ಟೈರ್ ಹಾಕಿಸಲಾ?

ಉತ್ತರ: ಮುಳ್ಳಿನ ಜಾಗವಾದರೆ ಹಾಕಿಸಿ. ಗಾಳಿ ಟೈರಿನಷ್ಟು ಮೆತ್ತಗೆ ಇರೋದಿಲ್ಲ, ಕಲ್ಲು ದಾರಿಯಲ್ಲಿ ಕೈ ಅದುರುತ್ತದೆ, ಅಷ್ಟೇ. ಮೊದಲು ಗಾಳಿ ಸರಿಯಾಗಿದೆಯಾ ನೋಡಿ, ಕಡಿಮೆ ಗಾಳಿಯಲ್ಲಿ ಭಾರ ಹಾಕಿ ತಳ್ಳಿದರೆ ಟ್ಯೂಬ್ ಮಡಚಿ ತಾನೇ ಹರಿಯುತ್ತದೆ. ಎಷ್ಟು ಗಾಳಿ ಬೇಕು ಅನ್ನೋದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಟ್ಯೂಬಿನೊಳಗೆ ತುಂಬೋ ಪಂಕ್ಚರ್ ದ್ರವವೂ ಸಣ್ಣ ಮುಳ್ಳಿಗೆ ಆಗುತ್ತದೆ. ಹಾಗೇ ಚಕ್ರ ಬಿಚ್ಚಿದಾಗ ಅಚ್ಚಿಗೆ ಸ್ವಲ್ಪ ಗ್ರೀಸ್ ಹಚ್ಚಿಬಿಡಿ.