ಮೊಬೈಲ್ ಆ್ಯಪ್‌ನ ಕಲ್ಪನೆಯನ್ನು ಕೋಡ್ ಬರೆಯುವ ಮೊದಲೇ ಬಳಕೆದಾರರೊಂದಿಗೆ ಪರೀಕ್ಷಿಸುವುದು ಹೇಗೆ?

ಮೊದಲ ಮಾದರಿಗೆ ಕಾಗದ ಮತ್ತು ಪೆನ್ಸಿಲ್ ಸಾಕು. ಆದರೆ ಅದಕ್ಕೂ ಮುನ್ನ, ನೀವು ಬಗೆಹರಿಸಹೊರಟ ಸಮಸ್ಯೆಯನ್ನು ನಿಜವಾಗಿ ಎದುರಿಸುತ್ತಿರುವ ಕೆಲವರನ್ನು ಮಾತನಾಡಿಸಬೇಕು. ‘ಇಂಥ ಆ್ಯಪ್ ಬಂದರೆ ಬಳಸುತ್ತೀರಾ?’ ಎಂದು ಕೇಳಿದರೆ ಬಹುತೇಕರು ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ‘ಕಳೆದ ಬಾರಿ ಈ ತೊಂದರೆ ಬಂದಾಗ ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಹೆಚ್ಚು ನಂಬಲರ್ಹ.

ಅನಂತರ ಮುಖ್ಯವಾದ ಒಂದೇ ಕೆಲಸಕ್ಕೆ, ಉದಾಹರಣೆಗೆ ಔಷಧಿಯ ವೇಳೆಯನ್ನು ನೆನಪಿಸುವ ಆ್ಯಪ್‌ನಲ್ಲಿ ಹೊಸ ಮಾತ್ರೆಯೊಂದನ್ನು ಸೇರಿಸುವುದಕ್ಕೆ, ಬೇಕಾದ ನಾಲ್ಕೈದು ಪರದೆಗಳನ್ನು ಬಿಡಿಸಿ, ಫಿಗ್ಮಾದಂಥ ಪರದೆ ವಿನ್ಯಾಸದ ಸಾಧನದಲ್ಲಿ, ಗುಂಡಿ ಒತ್ತಿದರೆ ಮುಂದಿನ ಪರದೆ ತೆರೆಯುವಂತೆ ಒಂದಕ್ಕೊಂದು ಜೋಡಿಸಿ, ಫೋನನ್ನು ಬಳಕೆದಾರರ ಕೈಗೆ ಕೊಟ್ಟು ಸುಮ್ಮನೆ ನೋಡಬೇಕು. ಈ ಸುಮ್ಮನಿರುವುದೇ ಕಷ್ಟದ ಕೆಲಸ. ಅವರ ಹೆಬ್ಬೆರಳು ‘ಉಳಿಸು’ ಗುಂಡಿಯನ್ನು ಹುಡುಕುತ್ತಾ ಪರದೆಯ ಮೇಲೆ ತಡವರಿಸುವಾಗ ‘ಅಲ್ಲಿ, ಕೆಳಗೆ’ ಎಂದುಬಿಟ್ಟರೆ, ನೀವು ತಿಳಿಯಬೇಕಿದ್ದ ದೋಷವನ್ನು ನೀವೇ ಮುಚ್ಚಿಹಾಕಿದಂತಾಗುತ್ತದೆ.

ಬಳಕೆ ಸುಲಭತೆಯ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ಬರೆದಂತೆ, 5 ಮಂದಿಯೊಂದಿಗಿನ ಪರೀಕ್ಷೆಯಲ್ಲೇ ಸುಮಾರು ಶೇ 85ರಷ್ಟು ದೋಷಗಳು ಬಯಲಾಗುತ್ತವೆ. ಆದ್ದರಿಂದ 15 ಮಂದಿಯನ್ನು ಒಮ್ಮೆಗೇ ಕರೆಯುವ ಬದಲು ಐವರಂತೆ ಮೂರು ಸುತ್ತು ನಡೆಸಿ, ನಡುನಡುವೆ ತಿದ್ದುವುದು ಮೇಲು. ಈ ಲೆಕ್ಕ ಬಳಕೆಯ ತೊಡಕುಗಳಿಗೆ ಮಾತ್ರ ಅನ್ವಯಿಸುತ್ತದೆ. ಆ್ಯಪ್‌ಗೆ ಬೇಡಿಕೆಯಿದೆಯೇ ಎಂಬುದನ್ನು ಐವರಿಂದ ಅಳೆಯಲಾಗದು.