ಗೇಟಿನ ಹೊರಗೆ ನಿಂತ ಮಗುವಿಗೆ ಪಾಠ ಹೇಳುವವರು ಯಾರು?

ಚಿತ್ರದುರ್ಗದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಈಗ ಮಗನ ಮನೆಯಲ್ಲಿದ್ದಾರೆ, ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಹತ್ತಿರ. ಅಲ್ಲಿಂದ ಅವರು ಬರೆದ ಪತ್ರದ ಮುಖ್ಯ ಭಾಗ ಇದು:

"ಮೊಮ್ಮಗಳು ಓದುವ ಸರ್ಕಾರಿ ಶಾಲೆಯಲ್ಲಿ ಈ ವರ್ಷ ಉಡುಪಿನ ನಿಯಮ ಬಿಗಿ ಮಾಡಿದ್ದಾರೆ. ಹರಿದ ಜೀನ್ಸ್ ಬೇಡ, ಟೋಪಿ ಹೊಲಿದ ಅಂಗಿ ಬೇಡ, ಲೆಗ್ಗಿಂಗ್ಸ್ ಹಾಕಿದರೆ ಮೇಲಂಗಿ ಇಷ್ಟುದ್ದ ಇರಬೇಕು, ಹುಡುಗರ ಕೂದಲು ಕಾಲರ್ ದಾಟಬಾರದು. ನನಗೆ ಖುಷಿಯಾಯಿತು. ಆದರೆ ತಂದೆತಾಯಿಗಳು ಸಹಿ ಸಂಗ್ರಹ ಮಾಡಿ, ಶಾಲಾ ಮಂಡಳಿಯ ಸಭೆಗೆ ಹೋಗಿ ವಿರೋಧ ಮಾಡುತ್ತಿದ್ದಾರೆ. ನನ್ನ ಸೊಸೆಯೂ ಹೋಗಿ ಮೈಕ್ ಹಿಡಿದಳು. ಮೇಷ್ಟ್ರ ಮನೆಯವಳೇ ಶಿಸ್ತಿನ ವಿರುದ್ಧ ಮಾತಾಡಿದಳಲ್ಲ ಅಂತ ಬೇಜಾರಾಯಿತು. ಬಟ್ಟೆಗೂ ಕೋರ್ಟು ಹತ್ತುವ ಜನ ಇವರು. ನಮ್ಮಲ್ಲಿ ಯೂನಿಫಾರ್ಮ್ ಅಂದರೆ ಯೂನಿಫಾರ್ಮ್. ಬಡವ ಬಲ್ಲಿದ ಎಲ್ಲರೂ ಒಂದೇ. ಇದರ ಬಗ್ಗೆ ನೀವು ನಾಲ್ಕು ಮಾತು ಬರೆಯಬೇಕು."

ಮೇಷ್ಟ್ರೇ, ನಾಲ್ಕು ಮಾತು ಕೇಳಿದ್ದೀರಿ. ನಲವತ್ತಾದರೆ ಬೇಜಾರು ಮಾಡಿಕೊಳ್ಳಬೇಡಿ. ಈ ವಿಷಯ ಸಿಕ್ಕರೆ ನನ್ನನ್ನು ಹಿಡಿಯುವುದು ಕಷ್ಟ ಅಂತ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು.

ಮೊದಲು ನಿಮಗೆ ಸಲ್ಲಬೇಕಾದ್ದು. ಒಂದೇ ಬಣ್ಣದ ಬಟ್ಟೆ ಬಡತನವನ್ನು ಸ್ವಲ್ಪ ಮುಚ್ಚುತ್ತದೆ, ನಿಜ. ಜಾತ್ರೆಗೆ ಹೊಲಿಸಿದ ಅಂಗಿಯನ್ನೇ ವರ್ಷವಿಡೀ ಹಾಕುವ ಹುಡುಗನೂ, ದುಬೈನಿಂದ ಮಾವ ತಂದ ಟೀಶರ್ಟ್ ಹಾಕುವ ಹುಡುಗನೂ ಪ್ರಾರ್ಥನೆಯ ಸಾಲಿನಲ್ಲಿ ಅಕ್ಕಪಕ್ಕ ನಿಂತಾಗ ಯೂನಿಫಾರ್ಮ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಬೆಳಿಗ್ಗೆ ಯಾವ ಬಟ್ಟೆ ಅಂತ ಮನೆಯಲ್ಲಿ ರಂಪ ಇರುವುದಿಲ್ಲ. ಇಷ್ಟನ್ನು ಒಪ್ಪಿದೆ. ಇನ್ನು ನಿಮ್ಮ ಸೊಸೆಯ ಪರವಾಗಿ ಮಾತಾಡುತ್ತೇನೆ.

ನೀವು ಬರೆದಿರುವ ಶಾಲೆಯಲ್ಲಿ ಯೂನಿಫಾರ್ಮ್ ಇಲ್ಲ. ಬೇಡಗಳ ಪಟ್ಟಿ ಇದೆ. ಬಟ್ಟೆ ಮನೆಯವರೇ ತರಬೇಕು, ತಪ್ಪು ಶಾಲೆಯವರು ಹುಡುಕುತ್ತಾರೆ. ಬಡವರಿಗೆ ಇದರಿಂದ ಒಂದು ಮೊಳ ಬಟ್ಟೆಯೂ ಸಿಗುವುದಿಲ್ಲ. ಸಿಗುವುದು ಶಿಕ್ಷೆ. ಆ ಶಿಕ್ಷೆಯ ಬಗ್ಗೆಯೇ ನನ್ನ ತಕರಾರು. ಬಟ್ಟೆ ಸರಿಯಿಲ್ಲ ಅಂತ ಮಗುವನ್ನು ತರಗತಿಯಿಂದ ಎಬ್ಬಿಸಿದರೆ ಹೋಗುವುದು ಏನು? ಪಾಠ. ಶಾಲೆ ಇರುವುದು ಯಾವುದಕ್ಕೋ ಅದನ್ನೇ ಕಿತ್ತುಕೊಂಡು ಶಿಸ್ತು ಕಲಿಸಿದೆವು ಅನ್ನುವುದು ನನಗೆ ಎಂದೂ ಅರ್ಥವಾಗಿಲ್ಲ.

ದೂರ ಹೋಗುವುದು ಬೇಡ. ನೀವಿರುವ ಹ್ಯೂಸ್ಟನ್‌ನಿಂದ ಪೂರ್ವಕ್ಕೆ 50 ಕಿ.ಮೀ. ಆಸುಪಾಸಿನಲ್ಲಿ ಮಾಂಟ್ ಬೆಲ್ವ್ಯೂ ಅಂತ ಊರಿದೆ. ಅಲ್ಲಿನ ಬಾರ್ಬರ್ಸ್ ಹಿಲ್ ಶಾಲಾ ಜಿಲ್ಲೆಯಲ್ಲಿ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೆ ಅಲ್ಲಿ ಹಾಗೆ ಹೆಸರು) 2023ರ ಆಗಸ್ಟ್ 31ರಂದು ಒಬ್ಬ ಕಪ್ಪು ಹುಡುಗನಿಗೆ ಶಿಕ್ಷೆ ಶುರುವಾಯಿತು. ಅವನ ತಪ್ಪು ಕೂದಲು. ಜಡೆಗಟ್ಟಿದ ಕೂದಲನ್ನು ಅವನು ನೀಟಾಗಿ ಮೇಲಕ್ಕೆತ್ತಿ ಕಟ್ಟಿಕೊಂಡೇ ಬರುತ್ತಿದ್ದ. ಆದರೆ ಜಿಲ್ಲೆಯ ನಿಯಮ ಹೇಳುತ್ತಿದ್ದುದು 'ಬಿಟ್ಟಾಗ' ಎಷ್ಟುದ್ದ ಬರುತ್ತದೆ ಅಂತ. ಬಿಟ್ಟರೆ ಹುಬ್ಬು, ಕಿವಿ, ಕಾಲರ್ ದಾಟಬಾರದು. ಕಟ್ಟಿದ ಕೂದಲನ್ನು ಮನಸ್ಸಿನಲ್ಲೇ ಬಿಚ್ಚಿ ಅಳೆದರು ಅನ್ನಿ. ಅವನ ಮನೆಯ ಗಂಡಸರು ತಲೆಮಾರುಗಳಿಂದ ಹಾಗೆಯೇ ಕೂದಲು ಬಿಡುತ್ತಾರಂತೆ. ಇದರಲ್ಲಿ ಇನ್ನೊಂದು ವಿಚಿತ್ರ. ಕೂದಲಿನ ಶೈಲಿ ನೋಡಿ ಭೇದ ಮಾಡಬಾರದು ಅಂತ ಟೆಕ್ಸಾಸ್ ತಂದ ಕ್ರೌನ್ ಕಾಯ್ದೆ ಜಾರಿಗೆ ಬಂದದ್ದು ಸರಿಯಾಗಿ ಮರುದಿನ, ಸೆಪ್ಟೆಂಬರ್ 1ಕ್ಕೆ. ಹುಡುಗ ಗೆಲ್ಲಬೇಕಿತ್ತು ಅಲ್ವಾ? 2024ರ ಫೆಬ್ರುವರಿಯಲ್ಲಿ ನ್ಯಾಯಾಧೀಶರು ಜಿಲ್ಲೆಯ ಪರ ತೀರ್ಪು ಕೊಟ್ಟರು. ಕಾಯ್ದೆಯಲ್ಲಿ ಶೈಲಿ ಇದೆ, ಉದ್ದದ ಮಾತಿಲ್ಲ ಅನ್ನುವ ಜಿಲ್ಲೆಯ ವಾದ ಗೆದ್ದಿತು.

ಆ ಹುಡುಗ ಆ ಶಾಲಾ ವರ್ಷದ ಬಹುಪಾಲನ್ನು ಗೆಳೆಯರ ಜೊತೆ ತರಗತಿಯಲ್ಲಿ ಕಳೆಯಲಿಲ್ಲ. ಶಿಕ್ಷೆಯ ಕೋಣೆಯಲ್ಲಿ ಕಳೆದ. ಜಿಲ್ಲೆಯ ಸೂಪರಿಂಟೆಂಡೆಂಟ್ ದಿನಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು, ಅಮೆರಿಕನ್ ಆಗುವುದೆಂದರೆ ಎಲ್ಲರಂತೆ ನಡೆದುಕೊಳ್ಳುವುದು ಅಂತ ಬರೆದರು. ಆ ಜಾಹೀರಾತಿನ ದುಡ್ಡಿಗೆ ಲೈಬ್ರರಿಗೆ ಎಷ್ಟು ಪುಸ್ತಕ ಬರುತ್ತಿತ್ತೋ ಅಂತ ನನಗೆ ಸುಮ್ನೆ ಒಂದು ಯೋಚನೆ.

ನಾರ್ತ್ ಕ್ಯಾರೊಲಿನಾದ ಇನ್ನೊಂದು ಕತೆ ಕೇಳಿ. ಚಾರ್ಟರ್ ಡೇ ಅನ್ನುವ ಶಾಲೆ. ಸರ್ಕಾರದ ದುಡ್ಡು, ನಡೆಸುವವರು ಖಾಸಗಿಯವರು. ಹೆಣ್ಣುಮಕ್ಕಳು ಪ್ಯಾಂಟ್, ಚಡ್ಡಿ ಹಾಕುವಂತಿಲ್ಲ, ಲಂಗವೇ ಆಗಬೇಕು ಅಂತ ನಿಯಮ. ಒಬ್ಬ ತಾಯಿ ಯಾಕೆ ಅಂತ ಕೇಳಿದರು. ಶಾಲೆಯ ಸ್ಥಾಪಕರ ಉತ್ತರದಲ್ಲಿ ಹೆಣ್ಣು ಅಂದರೆ ಗಂಡಸರು ಜೋಪಾನ ಮಾಡಬೇಕಾದ ನಾಜೂಕು ಪಾತ್ರೆ ಅನ್ನುವ ಅರ್ಥದ ಮಾತಿತ್ತು. ಆ ಪಾತ್ರೆಗಳಲ್ಲಿ ಶಿಶುವಿಹಾರದ ಮಕ್ಕಳೂ ಇದ್ದರು ಅನ್ನುವುದು ನೆನಪಿರಲಿ. ಮಕ್ಕಳ ದೂರು ಮಾತ್ರ ಸರಳವಾಗಿತ್ತು. ಚಳಿಯಲ್ಲಿ ಕಾಲು ಕೊರೆಯುತ್ತದೆ. ಆಟದ ಬಯಲಲ್ಲಿ ಹತ್ತಲು, ಲಾಗ ಹಾಕಲು ಆಗುವುದಿಲ್ಲ. ನೆಲದ ಮೇಲೆ ಕೂತರೆ ಪಾಠಕ್ಕಿಂತ ಕಾಲಿನ ಕಡೆ ಜಾಸ್ತಿ ಗಮನ ಇಡಬೇಕು. 2016ರಲ್ಲಿ ಕೋರ್ಟಿಗೆ ಹೋದರು. 2022ರ ಜೂನ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟು ಶಾಲೆಯ ಅರ್ಜಿ ಕೈಗೆತ್ತಿಕೊಳ್ಳಲೇ ಇಲ್ಲ. ಕೇಸು ಹಾಕಿದಾಗ ಅಂಗನವಾಡಿ ವಯಸ್ಸಿನಲ್ಲಿದ್ದ ಮಗು ತೀರ್ಪು ಬರುವ ಹೊತ್ತಿಗೆ ಐದಾರನೇ ತರಗತಿಗೆ ಬಂದಿರುತ್ತದೆ. ಕೋರ್ಟು ಹತ್ತುವುದು ಯಾರಿಗೂ ಮೋಜಲ್ಲ ಮೇಷ್ಟ್ರೇ.

ಇವೆಲ್ಲ ಎಲ್ಲೋ ಒಂದೆರಡು ಕಡೆ ನಡೆದದ್ದು ಅನ್ನಬೇಡಿ. ಅಮೆರಿಕ ಸರ್ಕಾರದ ಲೆಕ್ಕಪತ್ರ ಕಚೇರಿ 2022ರಲ್ಲಿ ಶಾಲೆಗಳ ಉಡುಪು ನಿಯಮಗಳನ್ನೇ ಕೂತು ಓದಿತು. ಹೆಣ್ಣುಮಕ್ಕಳು ಹಾಕುವ ಬಟ್ಟೆಗೆ ಬೇಡ ಅನ್ನುವ ನಿಯಮ ನೂರಕ್ಕೆ 90ಕ್ಕಿಂತ ಜಾಸ್ತಿ ಕಡೆ ಇತ್ತು, ಗಂಡುಮಕ್ಕಳದಕ್ಕೆ 69 ಕಡೆ. ಸುಮಾರು 60 ಕಡೆ ಮೈಯನ್ನೋ ಬಟ್ಟೆಯನ್ನೋ ಅಳೆಯುವ ನಿಯಮ. ಅಳೆಯುವುದು ಹೇಗೆ ಗೊತ್ತಾ? ಹುಡುಗಿ ನೆಟ್ಟಗೆ ನಿಂತು ಎರಡೂ ಕೈ ಕೆಳಗೆ ಬಿಡಬೇಕು. ಬೆರಳ ತುದಿ ಬಟ್ಟೆಯ ಅಂಚಿಗಿಂತ ಕೆಳಗೆ ಬಂದರೆ ಫೇಲು. ಉದ್ದ ತೋಳಿನ ಹುಡುಗಿ ಯಾವ ಬಟ್ಟೆಯಲ್ಲೂ ಪಾಸಾಗುವುದಿಲ್ಲ. ಹನ್ನೆರಡು ವರ್ಷದ ಮಗಳನ್ನು ಕಾರಿಡಾರಿನಲ್ಲಿ ಎಲ್ಲರೆದುರು ಹಾಗೆ ನಿಲ್ಲಿಸಿದರೆ ನಿಮ್ಮ ಸೊಸೆ ಮೈಕ್ ಹಿಡಿಯದೆ ಇನ್ನೇನು ಹಿಡಿಯಬೇಕು?

ಯೂನಿಫಾರ್ಮನ್ನೇ ತಂದ ಊರೂ ಇದೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್, 1994ರಲ್ಲಿ. ಅಪರಾಧ ಇಳಿಯಿತು ಅಂತ ಜಿಲ್ಲೆ ಹೇಳಿಕೊಂಡಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶದ ಮುಂದೆ ಭಾಷಣ ಮಾಡುವಾಗ ಶಾಲೆಗಳು ಯೂನಿಫಾರ್ಮ್ ತರಬಹುದು ಅಂತ ಹುರಿದುಂಬಿಸಿದರು. ಆದರೆ ಲಾಂಗ್ ಬೀಚ್ ಅದೇ ಹೊತ್ತಿಗೆ ಬೇರೆ ಸುಧಾರಣೆಗಳನ್ನೂ ತಂದಿತ್ತು. ಕೀರ್ತಿಯೆಲ್ಲ ಅಂಗಿಗೆ ಹೋಯಿತು. ಬ್ರನ್ಸ್ಮಾ, ರಾಕ್‌ಮೋರ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು 1998ರಲ್ಲಿ ಹತ್ತನೇ ತರಗತಿ ಮಕ್ಕಳ ರಾಷ್ಟ್ರಮಟ್ಟದ ಅಂಕಿಅಂಶ ತೆಗೆದು ನೋಡಿದರು. ಯೂನಿಫಾರ್ಮ್‌ನಿಂದ ಹಾಜರಾತಿ, ನಡತೆ ಯಾವುದರಲ್ಲೂ ಹೇಳಿಕೊಳ್ಳುವ ಫರಕು ಕಾಣಲಿಲ್ಲ.

ಆದರೂ ಕ್ಯಾಲಿಫೋರ್ನಿಯಾದ ಕಾನೂನು ನನಗೆ ಇಷ್ಟ. ಯೂನಿಫಾರ್ಮ್ ತರಬೇಕಾದರೆ ತಂದೆತಾಯಿಗೆ ಆರು ತಿಂಗಳು ಮೊದಲೇ ತಿಳಿಸಬೇಕು. ಕೊಳ್ಳಲಾಗದವರಿಗೆ ನೆರವು ಕೊಡಬೇಕು. ಬೇಡ ಅನ್ನುವ ತಂದೆತಾಯಿ ತಮ್ಮ ಮಗುವಿಗೆ ವಿನಾಯಿತಿ ಪಡೆಯಬಹುದು. ಇದೇ ರಾಜ್ಯದ ನಾಪಾ ಊರಿನಲ್ಲಿ ಒಂದು ಮಾಧ್ಯಮಿಕ ಶಾಲೆ ಈ ತಂಟೆಯೇ ಬೇಡ ಅಂತ ಬರೀ 'ಡ್ರೆಸ್ ಕೋಡ್' ಅನ್ನುವ ಹೆಸರಿನಲ್ಲಿ ಬಿಗಿ ನಿಯಮ ತಂದಿತ್ತು. ಒಂದೇ ಬಣ್ಣದ ಬಟ್ಟೆ, ಚಿತ್ರ ಇರಬಾರದು, ಜೀನ್ಸ್ ಬಟ್ಟೆ ಆಗಬಾರದು. ಒಬ್ಬ ಹುಡುಗಿ ವಿನ್ನಿ ದ ಪೂ ಕತೆಯ ಹುಲಿಮರಿ ಟಿಗರ್ ಚಿತ್ರದ ಕಾಲುಚೀಲ ಹಾಕಿಕೊಂಡು ಬಂದಳು. ಅವಳನ್ನು ಕೂರಿಸಿದ್ದು ನಡತೆ ಸರಿಯಿಲ್ಲದವರಿಗೆ ಅಂತ ಇದ್ದ ಕೋಣೆಯಲ್ಲಿ. ನಿಯಮದ ಉದ್ದೇಶ ಪುಂಡರ ಗುಂಪುಗಳ ಗುರುತು ತಡೆಯುವುದಂತೆ. ಸಿಕ್ಕಿಬಿದ್ದದ್ದು ಟಿಗರ್. ಕೆಲವು ಮನೆಯವರು 2007ರಲ್ಲಿ ಕೇಸು ಹಾಕಿದರು. ನ್ಯಾಯಾಧೀಶರು ಆ ನಿಯಮಕ್ಕೆ ತಡೆ ಕೊಟ್ಟರು.

ಬಟ್ಟೆಗೂ ಕೋರ್ಟು ಹತ್ತುವ ಜನ ಅಂದಿರಿ. ನಮ್ಮವರು ಹತ್ತಿಲ್ಲವಾ? ಕೊಪ್ಪಳ ಜಿಲ್ಲೆಯ ಒಬ್ಬ ಬಾಲಕನ ಪರವಾಗಿ ನಮ್ಮ ಹೈಕೋರ್ಟಿಗೆ ಹೋಗಬೇಕಾಯಿತು. ಸರ್ಕಾರ ಕೊಡುತ್ತೇನೆ ಅಂದ ಎರಡನೇ ಜೊತೆ ಯೂನಿಫಾರ್ಮ್ ಕೊಡಿ ಅಂತ ಕೇಳುವುದಕ್ಕೆ! 2019ರಲ್ಲಿ ಕೋರ್ಟು ಕೊಡಿ ಅಂದಿತು. 2023ರಲ್ಲೂ ಅದೇ ವಿಷಯ ನ್ಯಾಯಾಂಗ ನಿಂದನೆ ಅರ್ಜಿಯಾಗಿ ಕೋರ್ಟಿನ ಮುಂದಿತ್ತು. ಅಮೆರಿಕದವರು ಹಾಕುವ ಹಕ್ಕಿಗೆ ಕೋರ್ಟಿಗೆ ಹೋದರೆ, ನಮ್ಮ ಹುಡುಗ ಹಾಕಿಕೊಳ್ಳಲು ಬಟ್ಟೆ ಕೊಡಿ ಅಂತ ಹೋದ.

ಒಂದೇ ಜೊತೆ ಅಂದರೇನು ಅಂತ ಮೇಷ್ಟ್ರಾಗಿದ್ದ ನಿಮಗೆ ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. ನಾನು ಓದಿದ್ದು ಮಲೆನಾಡಿನ ಅಂಚಿನ ಶಾಲೆಯಲ್ಲಿ. ನನ್ನ ಬೆಂಚಿನ ಹುಡುಗನಿಗೆ ಇದ್ದದ್ದು ಒಂದೇ ಬಿಳಿ ಅಂಗಿ. ಮಳೆಗಾಲದಲ್ಲಿ ರಾತ್ರಿ ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದರು. ಬೆಳಿಗ್ಗೆ ಅಂಗಿಯ ತೋಳು ಒಣಗಿರುತ್ತಿತ್ತು, ಕಾಲರ್ ಒದ್ದೆ. ಮೈಯೆಲ್ಲ ಹೊಗೆ ವಾಸನೆ. ಒಂದು ದಿನ ಪೂರ್ತಿ ಒಣಗಲಿಲ್ಲ, ಅಣ್ಣನ ಚೌಕುಳಿ ಅಂಗಿ ಹಾಕಿ ಬಂದ. ಪಿಟಿ ಮೇಷ್ಟ್ರು ಧ್ವಜದ ಕಂಬದ ಹತ್ತಿರ ನಿಲ್ಲಿಸಿದರು. ಒಳಗೆ ಭಿನ್ನರಾಶಿ ಲೆಕ್ಕ ನಡೆಯುತ್ತಿತ್ತು. ಇವನು ಕಿಟಕಿಯಿಂದ ಬೋರ್ಡು ಕಾಣುತ್ತದಾ ಅಂತ ಕತ್ತು ಉದ್ದ ಮಾಡುತ್ತಿದ್ದ. ಆ ಮೇಷ್ಟ್ರು ಕೆಟ್ಟವರಲ್ಲ. ಪರೀಕ್ಷೆ ಫೀಸು ಕಟ್ಟಲಾಗದವರಿಗೆ ತಾವೇ ಕಟ್ಟುತ್ತಿದ್ದರು. ಬಣ್ಣದ ಅಂಗಿ ಕಂಡರೆ ಮಾತ್ರ ಅವರಿಗೆ ಬೇರೇನೂ ಕಾಣುತ್ತಿರಲಿಲ್ಲ. ನಿಯಮ ಒಳ್ಳೆಯವರನ್ನೂ ಹೀಗೆ ಮಾಡುತ್ತದೆ.

ಉಡುಪಿನ ಮಾತು ಬಂದ ಮೇಲೆ ಉಡುಪಿ ಜಿಲ್ಲೆಯ ಮಾತು ಬಿಟ್ಟರೆ ನೀವೇ ನಗುತ್ತೀರಿ. 2022ರಲ್ಲಿ ಹಿಜಾಬ್ ಹಾಕಿದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಮಾರ್ಚ್ 15ಕ್ಕೆ ಹೈಕೋರ್ಟು ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ಒಪ್ಪದ ಎರಡು ತೀರ್ಪು ಕೊಟ್ಟರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಎಲ್ಲಕ್ಕಿಂತ ಮೇಲೆ ಇಟ್ಟದ್ದು ಹೆಣ್ಣುಮಗುವಿನ ಓದನ್ನು. ಆಗ ನಮಗೆ ರಾಶಿ ರಾಶಿ ಪತ್ರ ಬಂತು. ನಿಯಮ ಅಂದರೆ ನಿಯಮ ಅಂತ. 2025ರ ಏಪ್ರಿಲ್‌ನಲ್ಲಿ ಸಿಇಟಿ ಕೇಂದ್ರದ ಬಾಗಿಲಲ್ಲಿ ಜನಿವಾರ ತೆಗೆಯಿರಿ ಅಂದರು. ಬೀದರ್‌ನ ಹುಡುಗ ಒಪ್ಪಲಿಲ್ಲ, ಗಣಿತ ಪರೀಕ್ಷೆ ತಪ್ಪಿತು. ಮತ್ತೆ ರಾಶಿ ಪತ್ರ. ಈ ಸಲ ಮಗುವಿನ ಭವಿಷ್ಯದ ಬಗ್ಗೆ ಕಳಕಳಿ. ಎರಡು ರಾಶಿಯಲ್ಲೂ ಕೆಲವು ಸಹಿ ಒಂದೇ ಇದ್ದವು. ಮೊದಲ ಸಲ ಗೇಟಿನವನ ಪರ, ಎರಡನೇ ಸಲ ಹುಡುಗನ ಪರ. ಆಚೆ ಕಡೆಯವರಲ್ಲೂ ಇದನ್ನೇ ತಿರುಗಿಸಿ ಬರೆದವರಿದ್ದರು. ನಾನು ಎರಡೂ ಸಲ ಗೇಟಿನ ಹೊರಗೆ ನಿಂತವರ ಪರ. ಅದಕ್ಕೆ ಚಂದಾದಾರರು ಇಬ್ಬದಿಯಲ್ಲೂ ಕಡಿಮೆಯಾದರು.

ಇನ್ನು ನಮ್ಮ ಖಾಸಗಿ ಶಾಲೆಗಳು. ಏಪ್ರಿಲ್ ಬಿಸಿಲಿನಲ್ಲಿ, ಅದೂ ಕಲಬುರಗಿಯಲ್ಲಿ, ಯುಕೆಜಿ ಮಗುವಿನ ಕುತ್ತಿಗೆಗೆ ಟೈ! ಕಾಲುಚೀಲದ ಮೇಲೂ ಶಾಲೆಯ ಲಾಂಛನ, ಹೊರಗಿನ ಅಂಗಡಿಯಲ್ಲಿ ಸಿಗಬಾರದು ಅಂತ. ಬುಧವಾರಕ್ಕೆ ಬೇರೆ ಟೀಶರ್ಟ್, ಶನಿವಾರಕ್ಕೆ ಬೇರೆ ಶೂ. ಜೂನ್ ಬಂದರೆ ಪೋಷಕರು ನಮಗೆ ಪತ್ರ ಬರೆಯುತ್ತಾರೆ, ಕೊನೆಯಲ್ಲಿ 'ಹೆಸರು ಹಾಕಬೇಡಿ' ಅನ್ನುತ್ತಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಲಿ, ಪ್ರಿನ್ಸಿಪಾಲರ ಎದುರು ಇಲಿ. ನಿಮ್ಮ ಸೊಸೆ ಹೆಸರು ಹೇಳಿ, ಎಲ್ಲರೆದುರು ನಿಂತು ಮಾತಾಡಿದ್ದಾರೆ. ಅಲ್ಲಿ ಶಾಲಾ ಮಂಡಳಿಗೆ ಊರಿನವರೇ ಓಟು ಹಾಕುತ್ತಾರೆ. ಅಜೆಂಡಾದಲ್ಲಿರುವ ವಿಷಯದ ಮೇಲೆ ಮಾತಾಡಲು ಬಂದವರಿಗೆ ಅವಕಾಶ ಕೊಡಲೇಬೇಕು ಅಂತ ಟೆಕ್ಸಾಸ್‌ನಲ್ಲಿ 2019ರಿಂದ ಕಾನೂನಿದೆ. ನೀವು ಅದನ್ನು ಶಿಸ್ತಿನ ವಿರುದ್ಧದ ಮಾತು ಅಂದಿರಿ. ಬೇಜಾರಾಗಬೇಕಾದ್ದು ಅವರಿಗೆ, ಮಾವನವರಿಂದ.

ನಮ್ಮಲ್ಲೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರು. ಊರಿಗೆ ಬಂದ ಮೇಲೆ ನಿಮ್ಮ ಹಳೆಯ ಶಾಲೆಗೆ ಹೋಗಿ ಮೇಷ್ಟ್ರೇ. ಎಸ್‌ಡಿಎಂಸಿ ಸಭೆಯ ಪುಸ್ತಕ ಕೇಳಿ. ಎರಡನೇ ಜೊತೆ ಬಟ್ಟೆ ಯಾವ ತಿಂಗಳು ಬಂತು, ದರ್ಜಿಗೆ ಹೊಲಿಗೆ ಕೂಲಿ ಕೊಟ್ಟವರು ಯಾರು, ಬಣ್ಣದ ಅಂಗಿಯಲ್ಲಿ ಬಂದ ಮಗುವನ್ನು ಎಲ್ಲಿ ನಿಲ್ಲಿಸುತ್ತಾರೆ, ಇಷ್ಟು ವಿಚಾರಿಸಿ ಬರೆಯಿರಿ. ಇದೇ ಪುಟದಲ್ಲಿ ಹಾಕುತ್ತೇನೆ, ನಿಮ್ಮ ಹೆಸರಿನ ಜೊತೆಗೇ.

— ಸಂಪಾದಕ